ಮಾಗಿಯ ತೋಟದ ಸುವಾಸನೆ

(ಮನೆಯವರೂ ಸಭೆಯವರೂ ಕೂಡಿ ಓದತಕ್ಕ ಪಾಠ)

ಓದತಕ್ಕ ವೇದಭಾಗಗಳು: ಯೆರೆಮೀಯ ೧:೧೧, ೧೨. ಯೋಹಾನ ೧೫:೧–೮. ಲೂಕ ೨:೩೬–೩೮. ೨ ಕೊರಿಂಥ ೨:೧೪–೧೬.



ಮಾಗಿಯ ಕಾಲವು ನಮ್ಮ ಗ್ರಾಮಗಳಲ್ಲಿ ಬಡತನದ ಕಾಲದಂತೆ ತೋರುವದುಂಟು. ಮಳೆ ನಿಂತುಹೋಗುತ್ತದೆ, ಗಾಳಿಯು ಒಣಗುತ್ತದೆ, ಮುಂಜಾನೆಯ ಇಬ್ಬನಿಯಲ್ಲಿ ಕೂಲಿಗೆ ಹೋಗುವವರ ಕಾಲುಗಳು ಮರಗಟ್ಟುತ್ತವೆ, ಮುದುಕರು ಕಂಬಳಿ ಹೊದ್ದು ಬಿಸಿಲಿಗಾಗಿ ಕಾದಿರುತ್ತಾರೆ. ಬೇಸಿಗೆಯಿಂದ ಮೊರಗಟ್ಟಲೆ ಮೊಗ್ಗು ಕೊಟ್ಟ ಮಲ್ಲಿಗೆಯ ಗಿಡವು ಈಗ ಸುಮ್ಮನಿರುತ್ತದೆ. ಆದಾಗ್ಯೂ ಸೃಷ್ಟಿಕರ್ತನು ಈ ಕಾಲವನ್ನು ಹೂವಿಲ್ಲದ್ದಾಗಿ ಬಿಡಲಿಲ್ಲ. ಬೇರೆ ತಿಂಗಳುಗಳಲ್ಲಿ ಬರೀ ಎಲೆಯಾಗಿದ್ದ ಕೆಲವು ಗಿಡಗಳು ಚಳಿ ಬಂದಾಗಲೇ ಅರಳಿ ಸುವಾಸನೆಯನ್ನು ಬೀರುತ್ತವೆ. ಜಲಪ್ರಳಯದ ತರುವಾಯ ದೇವರು ನೋಹನಿಗೆ ಕೊಟ್ಟ ವಾಗ್ದಾನವನ್ನು ಆದಿಕಾಂಡ ೮:೨೨ರಲ್ಲಿ ಓದಿ ನೋಡಿರಿ. ಬಿತ್ತನೆ ಕೊಯಿಲುಗಳ ಸಂಗಡ ಚಳಿಯೂ ಆ ವಾಗ್ದಾನದೊಳಗೆ ಸೇರಿದೆ. ಚಳಿಗಾಲವು ದೇವರ ಕೈತಪ್ಪಿ ಬಂದದ್ದಲ್ಲ.

ಈ ಪಾಠದಲ್ಲಿ ಮಾಗಿಯ ಹೂಗಳು ಯಾವವು, ಅವು ಹೇಗೆ ಅರಳುತ್ತವೆ, ಅವುಗಳಿಂದ ನಾವು ಕಲಿಯತಕ್ಕದ್ದೇನು ಎಂಬದನ್ನು ನೋಡುವೆವು. ಕಡೆಯಲ್ಲಿ ಹೂವಿನ ವಿಷಯವಾಗಿ ನಮ್ಮ ಸಭೆಗಳಲ್ಲಿ ಏಳುವ ಒಂದು ಪ್ರಶ್ನೆಯನ್ನು ಸತ್ಯವೇದದ ಬೆಳಕಿನಲ್ಲಿ ವಿಚಾರಿಸುವೆವು. ಆ ಪ್ರಶ್ನೆಯು ಚಿಕ್ಕದೆಂದು ಯಾರೂ ತಿಳಿಯಬಾರದು. ಅದರಿಂದ ಕೆಲವರ ಹೃದಯಕ್ಕೆ ಬಹಳ ನೋವು ಉಂಟಾಗಿದೆ.

೧. ಮಾಗಿಯಲ್ಲಿ ಅರಳುವವುಗಳು

ಮೊದಲನೆಯದು ಸೇವಂತಿಗೆ. ಇದು ಚೀನಾ ದೇಶದಲ್ಲಿ ಬಹು ಪುರಾತನಕಾಲದಿಂದ ಬೆಳೆದುಬಂದ ಗಿಡ. ನಮ್ಮ ನಾಡಿನಲ್ಲಿಯೂ ಹೊಲಗಳಲ್ಲಿ, ಹಿತ್ತಿಲುಗಳಲ್ಲಿ ನೆಲೆಗೊಂಡಿದೆ. ಇದರ ವಾಸನೆಯು ಮಲ್ಲಿಗೆಯಂತೆ ಸಿಹಿಯಾದದ್ದಲ್ಲ. ಸ್ವಲ್ಪ ಕಹಿಯಾದ, ಮೂಗಿಗೆ ಎಚ್ಚರ ಕೊಡುವಂಥ ವಾಸನೆ. ಎಲೆಯನ್ನು ಹಿಸುಕಿದರೂ ಅದೇ ವಾಸನೆಯು ಕೈಗೆ ಹತ್ತುತ್ತದೆ. ನಾವು ಒಂದು ಹೂವೆಂದು ಹೇಳುವದು ನಿಜವಾಗಿ ಒಂದು ಹೂವಲ್ಲ. ಒಂದೇ ಪೀಠದ ಮೇಲೆ ಅನೇಕ ಸಣ್ಣ ಹೂಗಳು ಒತ್ತಾಗಿ ಕೂಡಿಕೊಂಡು ಒಂದೇ ಹೂವಿನಂತೆ ಕಾಣುತ್ತವೆ. ಒಬ್ಬನು ಕುಳಿತು ಒಂದೊಂದಾಗಿ ಕಿತ್ತು ನೋಡಿದರೆ ಇದು ತಿಳಿಯುವದು. ಸಭೆಯೆಂದರೇನೆಂದು ಮಕ್ಕಳಿಗೆ ಕಲಿಸುವದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ಕಡಿಮೆ.

ಎರಡನೆಯದು ಆಕಾಶಮಲ್ಲಿಗೆ. ಇದು ಬಳ್ಳಿಯಲ್ಲ, ಬಹು ಎತ್ತರವಾಗಿ ಬೆಳೆಯುವ ಮರ. ಪಟ್ಟಣಗಳ ಬೀದಿಗಳಲ್ಲಿಯೂ ಶಾಲೆಗಳ ಅಂಗಳಗಳಲ್ಲಿಯೂ ಇದನ್ನು ಸಾಲಾಗಿ ನೆಟ್ಟಿರುತ್ತಾರೆ. ಮಳೆಗಾಲವು ತೀರುವ ಹೊತ್ತಿಗೆ ಉದ್ದವಾದ ಕೊಳವೆಯಂಥ ಬಿಳೀ ಹೂಗಳು ಗೊಂಚಲಾಗಿ ಕಾಣಿಸಿಕೊಂಡು, ರಾತ್ರಿಯಲ್ಲಿ ಅರಳಿ, ಬೆಳಗಾಗುವಾಗ ನೆಲದ ಮೇಲೆ ಹಾಸಿಕೊಂಡಿರುತ್ತವೆ. ಈ ಹೂವನ್ನು ಕೊಯ್ಯುವದಕ್ಕೆ ಯಾರೂ ಮರ ಹತ್ತಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಡವರ ಮಕ್ಕಳು ಮೊದಲು ಎದ್ದರೆ ಅವರಿಗೇ ಮೊದಲು ದೊರಕುವದು. ದಾರವಿಲ್ಲದಿದ್ದರೂ ಮಕ್ಕಳು ಆ ಕೊಳವೆಗಳನ್ನೇ ಜಡೆಯಂತೆ ಹೆಣೆದು ಮಾಲೆ ಮಾಡುತ್ತಾರೆ.

ಮೂರನೆಯದು ಮಾಗಿಮಲ್ಲಿಗೆ. ಅದರ ಹೆಸರೇ ಅದರ ಕಾಲವನ್ನು ಹೇಳುತ್ತದೆ. ಸಂಸ್ಕೃತದಲ್ಲಿ ಕುಂದವೆಂದು ಹೆಸರಾದದ್ದು ಇದೇ. ಬೇಸಿಗೆಯ ಮಲ್ಲಿಗೆಯ ಬಳಗಕ್ಕೆ ಸೇರಿದ್ದಾದರೂ ಇದರ ಸುವಾಸನೆಯು ಬಹು ಮಂದವಾದದ್ದು. ಅಕ್ಕನ ಹಾಗೆ ತಂಗಿಗೆ ಕಂಠವಿಲ್ಲ. ಆದರೆ ಅಕ್ಕನು ಸುಮ್ಮನಿರುವಾಗ ಮನೆಯಲ್ಲಿ ಹಾಡುವವಳು ತಂಗಿಯೇ.

ಇವುಗಳಲ್ಲದೆ ಗುಲಾಬಿಯುಂಟು. ಮಳೆಗಾಲವು ಮುಗಿದ ಮೇಲೆ ಅದನ್ನು ಸವರಿದರೆ ಸುಮಾರು ಆರೇಳು ವಾರಗಳಲ್ಲಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವದು. ಚಳಿಯಲ್ಲಿ ಅದರ ಹೂವು ದೊಡ್ಡದಾಗಿಯೂ ಬಣ್ಣವು ಗಾಢವಾಗಿಯೂ ಇದ್ದು, ಬಾಡುವದಕ್ಕೆ ಹೆಚ್ಚು ದಿನಗಳು ಹಿಡಿಯುತ್ತವೆ.

ಕಡೆಯದಾಗಿ ದವನ. ಇದರ ಹೂವನ್ನು ಹೂವೆಂದು ಯಾರೂ ಎಣಿಸುವದಿಲ್ಲ. ಅದು ಸಣ್ಣ ಹಳದಿ ಗುಂಡುಗಳಷ್ಟೇ. ಆದರೆ ಇಡೀ ಗಿಡವೇ ಸುವಾಸನೆ. ನಮ್ಮ ಕರ್ನಾಟಕದ ರೈತರು ಮಳೆ ಹಿಂದಾದ ಮೇಲೆ ಇದನ್ನು ಬಿತ್ತುತ್ತಾರೆ. ಸುಮಾರು ನಾಲ್ಕು ತಿಂಗಳಲ್ಲಿ ಅದು ಕೊಯಿಲಿಗೆ ಬರುತ್ತದೆ. ಅದರಿಂದ ಇಳಿಸಿದ ಎಣ್ಣೆಯು ಪರದೇಶಗಳಿಗೆ ಹೋಗುತ್ತದೆ. ಬೀಜವು ಧೂಳಿನಷ್ಟು ಸಣ್ಣದು, ಹಳೆಯದಾದರೆ ಮೊಳೆಯದು. ಆದಕಾರಣ ವರ್ಷವರ್ಷವೂ ಹೊಸ ಬೀಜವನ್ನು ಕಾದಿಟ್ಟುಕೊಳ್ಳಬೇಕು. ನೋಡುವದಕ್ಕೆ ರೂಪವಿಲ್ಲದ ಈ ಗಿಡವನ್ನು ಚಂದದ ಹೂಗಳ ನಡುವೆ ಕಟ್ಟುವದು ಯಾಕೆ? ಚಂದದ ಹೂವಿಗೆ ಇಲ್ಲದಿರುವದನ್ನು ಇದು ಕೊಡುತ್ತದೆ. ಸಭೆಯಲ್ಲಿಯೂ ಹಾಗೆಯೇ. ಓದು ಬಾರದ, ಮುಂದಿನ ಸಾಲಿನಲ್ಲಿ ಎಂದೂ ಕೂತುಕೊಳ್ಳದ ಒಬ್ಬ ಅಜ್ಜಿಯ ಪ್ರಾರ್ಥನೆಯಿಂದ ಇಡೀ ಸಭೆಯು ಸುವಾಸನೆಯುಳ್ಳದ್ದಾಗುವದುಂಟು.

೨. ದೀರ್ಘವಾದ ರಾತ್ರಿಯ ಕೆಲಸ

ಸೇವಂತಿಗೆಯು ಮಾಗಿಯಲ್ಲಿಯೇ ಅರಳುವದು ಯಾಕೆ? ಚಳಿಯೇ ಕಾರಣವೆಂದು ನಮ್ಮ ಹಿರಿಯರು ಎಣಿಸಿದರು. ಅಮೇರಿಕಾ ದೇಶದಲ್ಲಿ ಗಾರ್ನರ್, ಅಲ್ಲಾರ್ಡ್ ಎಂಬ ಇಬ್ಬರು ವಿದ್ವಾಂಸರು ಒಂದು ಬಗೆಯ ಹೊಗೆಸೊಪ್ಪಿನ ಗಿಡವನ್ನು ಪರೀಕ್ಷಿಸುತ್ತಿದ್ದರು. ಅದು ಬೇಸಿಗೆಯೆಲ್ಲಾ ಆಳೆತ್ತರ ಬೆಳೆದರೂ ಹೂ ಬಿಡಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಚ್ಚಗೆ ಇಟ್ಟಾಗ ಹೂ ಬಿಟ್ಟಿತು. ಹಾಗಾದರೆ ಚಳಿಯು ಕಾರಣವಲ್ಲವೆಂದು ತಿಳಿಯಿತು. ಅವರು ಬೇಸಿಗೆಯಲ್ಲಿ ಗಿಡಗಳನ್ನು ದಿನದ ಕೆಲವು ತಾಸುಗಳ ಕಾಲ ಕತ್ತಲೆಯ ಕೋಣೆಯಲ್ಲಿಟ್ಟು ಹಗಲನ್ನು ಗಿಡ್ಡಮಾಡಿದರು; ಆಗ ಅವು ಬೇಸಿಗೆಯಲ್ಲಿಯೇ ಹೂ ಬಿಟ್ಟವು. ಈ ಸಂಗತಿಯನ್ನು ಅವರು ೧೯೨೦ರಲ್ಲಿ ಪ್ರಕಟಿಸಿದರು. ೧೯೩೮ರಲ್ಲಿ ಹ್ಯಾಮ್ನರ್, ಬಾನ್ನರ್ ಎಂಬವರು ಮತ್ತೊಂದು ಗಿಡವನ್ನು ಪರೀಕ್ಷಿಸಿ, ಇಂಥ ಗಿಡಗಳು ಲೆಕ್ಕ ಹಾಕುವದು ಹಗಲನ್ನಲ್ಲ, ಎಡೆಬಿಡದ ರಾತ್ರಿಯನ್ನು ಎಂದು ತೋರಿಸಿದರು.

ಸೇವಂತಿಗೆಯೂ ಈ ಗುಂಪಿಗೆ ಸೇರಿದ್ದು. ಬೆಂಗಳೂರಿನ ಸೀಮೆಯಲ್ಲಿ ಜೂನ್ ತಿಂಗಳ ರಾತ್ರಿಗೂ ಡಿಸೆಂಬರ್ ತಿಂಗಳ ರಾತ್ರಿಗೂ ಸುಮಾರು ಒಂದೂವರೆ ತಾಸು ಮಾತ್ರ ಭೇದವುಂಟು. ನಾವು ಅದನ್ನು ಲಕ್ಷಿಸುವದಿಲ್ಲ. ಆದರೆ ಗಿಡವು ಲಕ್ಷಿಸುತ್ತದೆ. ರಾತ್ರಿಯು ಬೆಳೆಯುತ್ತಾ ಬರುವಾಗ ಅದರ ಕುಡಿಯು ಎಲೆಯನ್ನು ಬಿಟ್ಟು ಮೊಗ್ಗನ್ನು ಕಟ್ಟತೊಡಗುತ್ತದೆ. ಆ ರಾತ್ರಿಯ ನಡುವೆ ದೀಪವನ್ನು ಉರಿಸಿದರೆ ಮೊಗ್ಗು ಕಟ್ಟುವದಿಲ್ಲ. ಸೇವಂತಿಗೆಯ ಹೊಲಗಳಲ್ಲಿ ರಾತ್ರಿಯ ಹೊತ್ತು ಸಾಲಾಗಿ ವಿದ್ಯುದ್ದೀಪಗಳು ಉರಿಯುವದನ್ನು ಕೆಲವರು ನೋಡಿದ್ದೀರಿ. ಅದು ಕಾವಲಿಗಾಗಿ ಅಲ್ಲ. ಗಿಡವು ಬೇಗನೆ ಹೂ ಬಿಡದೆ ಇನ್ನೂ ಎತ್ತರ ಬೆಳೆಯಲೆಂದು ಬೇಸಾಯಗಾರನು ರಾತ್ರಿಯನ್ನು ಮುರಿಯುತ್ತಾನೆ. ದೀಪವನ್ನು ನಿಲ್ಲಿಸಿದ ಮೇಲೆ ರಾತ್ರಿಗಳು ಸಾಕಷ್ಟು ಉದ್ದವಾಗಿದ್ದರೆ ಮೊಗ್ಗು ಬರುವದು.

ನಮ್ಮ ಹೊಲದ ಅವರೆಯೂ ಈ ನಿಯಮಕ್ಕೆ ಒಳಪಟ್ಟದ್ದೇ. ಹಳೆಯ ತಳಿಯ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೂ ಅದು ಹಗಲು ಗಿಡ್ಡವಾಗುವ ತನಕ ಹೂ ಬಿಡದೆ ಕಾದಿರುತ್ತದೆ. ಕಾಲ ನೋಡದೆ ಹೂ ಬಿಡುವ ಹೊಸ ತಳಿಗಳು ಈಗ ಉಂಟು. ಆದರೂ ಮಾಗಿಯ ಇಬ್ಬನಿಯಲ್ಲಿ ಬಲಿತ ಅವರೆಕಾಯಿಯ ಸೊಗಡನ್ನು ಬಲ್ಲವರು ಬೇರೆ ಕಾಲದ ಕಾಯಿಯನ್ನು ಅಷ್ಟಾಗಿ ಹೊಗಳುವದಿಲ್ಲ.

ಇದರಿಂದ ನಾವು ಏನು ಕಲಿಯೋಣ? ಕತ್ತಲೆಯೇ ಒಳ್ಳೇದು, ಕಷ್ಟವೇ ಭಾಗ್ಯ ಎಂದು ಹೇಳಕೂಡದು. ಹಸಿದವನ ಮುಂದೆ ಹಾಗೆ ಹೇಳುವದು ಕ್ರೂರತನ. ಸೇವಂತಿಗೆಯು ಹಗಲಿನಲ್ಲಿ ಬಿಸಿಲನ್ನು ತೆಗೆದುಕೊಂಡು ತನ್ನ ಆಹಾರವನ್ನು ಕಟ್ಟಿಕೊಳ್ಳದಿದ್ದರೆ ರಾತ್ರಿಯು ಎಷ್ಟು ಉದ್ದವಾದರೂ ಹೂ ಬಿಡದು. ಹಾಗೆಯೇ ಸುಖದ ದಿನಗಳಲ್ಲಿ ದೇವರ ವಾಕ್ಯವನ್ನು ಹೃದಯದಲ್ಲಿ ಕೂಡಿಸಿಟ್ಟುಕೊಂಡವನಿಗೆ ದುಃಖದ ರಾತ್ರಿಯು ನಷ್ಟವಾಗಿಯೇ ತೀರಬೇಕಾಗಿಲ್ಲ. ಸಾಲ, ಬೇನೆ, ಮರಣ ಇವು ಮನೆಯೊಳಗೆ ಬಂದಾಗ ನಾವು ನಮಗೆ ತೋಚಿದ ದೀಪಗಳನ್ನೆಲ್ಲಾ ಹಚ್ಚಿ ರಾತ್ರಿಯನ್ನು ಮುರಿಯಲು ಆತುರಪಡುತ್ತೇವೆ. ಒಬ್ಬನು ಹೆಂಡದ ಅಂಗಡಿಗೆ ಹೋಗುತ್ತಾನೆ. ಒಬ್ಬನು ಬಿಟ್ಟುಬಂದ ಕಣಿಯವನ ಬಾಗಿಲಿಗೆ ಮರಳಿ ಹೋಗುತ್ತಾನೆ. ಕಾದುಕೊಂಡಿದ್ದವನಾದರೋ ಆ ಕತ್ತಲೆಯಲ್ಲಿಯೇ ತನ್ನೊಳಗೆ ಒಂದು ಮೊಗ್ಗು ಕಟ್ಟಿದ್ದನ್ನು ತರುವಾಯ ಕಾಣುವನು.

೩. ಸುವಾಸನೆಯು ಯಾರಿಗೋಸ್ಕರ?

ಹೂವಿನ ಎಸಳುಗಳಲ್ಲಿ ಬಹು ಸೂಕ್ಷ್ಮವಾದ ಎಣ್ಣೆಗಳುಂಟಾಗಿ ಗಾಳಿಯಲ್ಲಿ ಆವಿಯಾಗುತ್ತವೆ. ಅದನ್ನೇ ನಾವು ಸುವಾಸನೆಯೆನ್ನುತ್ತೇವೆ. ಬಣ್ಣದ ಹೂವು ಹಗಲಿನ ಚಿಟ್ಟೆಯನ್ನೂ ಜೇನನ್ನೂ ಕಣ್ಣಿನ ಮೂಲಕ ಕರೆಯುತ್ತದೆ. ರಾತ್ರಿಯಲ್ಲಿ ಅರಳುವ ಹೂವಿಗೆ ಬಣ್ಣವು ಉಪಯೋಗವಿಲ್ಲ. ಆದಕಾರಣ ಅಂಥ ಹೂಗಳಲ್ಲಿ ಹೆಚ್ಚಿನವು ಬಿಳುಪಾಗಿದ್ದು, ಪರಿಮಳದಿಂದ ಪತಂಗಗಳನ್ನು ಕರೆಯುತ್ತವೆ. ಆಕಾಶಮಲ್ಲಿಗೆಯ ಉದ್ದವಾದ ಕೊಳವೆಯ ತಳದಲ್ಲಿರುವ ಮಧುವು ಉದ್ದವಾದ ನಾಲಿಗೆಯುಳ್ಳ ದೊಡ್ಡ ಪತಂಗಗಳಿಗೆ ಎಟಕುತ್ತದೆ. ಊರೆಲ್ಲಾ ಮಲಗಿರುವಾಗ ಈ ಕೆಲಸವು ನಡೆಯುತ್ತದೆ. ಬೆಳಿಗ್ಗೆ ನಾವು ಕಾಣುವದು ಮುಗಿದ ಕೆಲಸದ ಗುರುತನ್ನು ಮಾತ್ರ.

ಕರ್ತನು ಬೆಟ್ಟದ ಪ್ರಸಂಗದಲ್ಲಿ ದಾನವನ್ನೂ ಪ್ರಾರ್ಥನೆಯನ್ನೂ ಉಪವಾಸವನ್ನೂ ಅಂತರಂಗದಲ್ಲಿ ಮಾಡಬೇಕೆಂದು ಕಲಿಸಿದನು (ಮತ್ತಾಯ ೬). ಅದೇ ಅಧ್ಯಾಯದಲ್ಲಿಯೇ ಅಡವಿಯ ಹೂಗಳನ್ನು ನೋಡಿರೆಂದು ಹೇಳಿ, ಅರಸನಾದ ಸೊಲೊಮೋನನ ವೈಭವವನ್ನು ಅವುಗಳ ಮುಂದೆ ಕಡಿಮೆಯೆಂದು ಎಣಿಸಿದನು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ವಿಶ್ವಾಸಿಗಳನ್ನು ಕ್ರಿಸ್ತನ ಪರಿಮಳಕ್ಕೆ ಹೋಲಿಸುತ್ತಾನೆ. ಪರಿಮಳವು ಕೂಗುವದಿಲ್ಲ, ಬಾಗಿಲನ್ನು ಬಡಿಯುವದಿಲ್ಲ. ಆದರೂ ಬೇಲಿಯನ್ನು ದಾಟಿ ನೆರೆಯವನ ಅಂಗಳಕ್ಕೆ ಹೋಗುತ್ತದೆ. ನಮ್ಮ ನೆರೆಯವರು ಸತ್ಯವೇದವನ್ನು ಓದದೆ ಇರಬಹುದು. ನಮ್ಮ ಮನೆಯಲ್ಲಿ ಜಗಳದ ಧ್ವನಿಯು ಕಡಿಮೆಯಾಯಿತೋ, ಕೊಟ್ಟ ಮಾತು ನಿಲ್ಲುತ್ತದೋ ಎಂಬದನ್ನು ಅವರು ಬಲ್ಲರು.

೪. ಸುಮ್ಮನಿರುವ ಮಲ್ಲಿಗೆ

ಮಾಗಿಯ ತೋಟದಲ್ಲಿ ಅರಳದಿರುವ ಮಲ್ಲಿಗೆಯೂ ಒಂದು ಪಾಠವನ್ನು ಹೇಳುತ್ತದೆ. ಚಳಿಯಲ್ಲಿ ಮೊಗ್ಗು ಕಡಿಮೆಯಾಗುವದರಿಂದ ಪೇಟೆಯಲ್ಲಿ ಮಲ್ಲಿಗೆಯ ಕ್ರಯವು ಏರುತ್ತದೆ. ಬುದ್ಧಿಯಿಲ್ಲದವನು ಆ ಕ್ರಯಕ್ಕೆ ಆಶೆಪಟ್ಟು ಗಿಡವನ್ನು ಹಾಗೆಯೇ ಬಿಡುತ್ತಾನೆ. ಅನುಭವವುಳ್ಳ ತೋಟಗಾರನು ಇದೇ ಕಾಲದಲ್ಲಿ ಕತ್ತಿಯನ್ನು ತೆಗೆದುಕೊಂಡು, ನೆಲದಿಂದ ಸುಮಾರು ಮೊಣಕಾಲಿನಷ್ಟು ಎತ್ತರ ಬಿಟ್ಟು, ಗಿಡವನ್ನು ಸವರಿ, ಒಣಗಿದ ಕಡ್ಡಿಗಳನ್ನೂ ರೋಗ ಹಿಡಿದವುಗಳನ್ನೂ ತೆಗೆದು, ಬುಡಕ್ಕೆ ಗೊಬ್ಬರ ಕೊಡುತ್ತಾನೆ. ಯಾಕಂದರೆ ಮಲ್ಲಿಗೆಯು ಹೂ ಬಿಡುವದು ಹೊಸ ಚಿಗುರಿನಲ್ಲಿ. ಮಾಗಿಯಲ್ಲಿ ಸವರಿದ ಗಿಡವು ಬೇಸಿಗೆಯ ಮೊದಲಲ್ಲಿ ತುಂಬಾ ಮೊಗ್ಗು ಕೊಡುವದು.

ಯೋಹಾನನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ತಂದೆಯಾದ ದೇವರು ತೋಟಗಾರನೆಂದು ಕರ್ತನು ಹೇಳಿದ್ದಾನೆ. ಫಲ ಕೊಡದ ಕೊಂಬೆಗೆ ಮಾತ್ರವಲ್ಲ, ಫಲ ಕೊಡುವ ಕೊಂಬೆಗೂ ಕತ್ತಿಯು ತಾಕುತ್ತದೆಂಬದನ್ನು ಗಮನಿಸಿರಿ. ಉಪದೇಶಿಯು ಬಂದು ಕುಡಿತವನ್ನು ಬಿಡಬೇಕೆಂದಾಗ, ಮದುವೆಗೆ ಸಾಲ ಮಾಡಬಾರದೆಂದಾಗ, ಅಣ್ಣತಮ್ಮಂದಿರ ವ್ಯಾಜ್ಯವನ್ನು ತೀರಿಸಿಕೊಂಡು ಕರ್ತನ ಭೋಜನಕ್ಕೆ ಬರಬೇಕೆಂದಾಗ ನಾವು ಸಿಟ್ಟಾಗುತ್ತೇವೆ. ಸವರಿದ ದಿನದಲ್ಲಿ ಮಲ್ಲಿಗೆಯ ಗಿಡವು ನೋಡುವದಕ್ಕೆ ಅಂದವಾಗಿರುವದಿಲ್ಲ. ಯುಗಾದಿಯ ಹೊತ್ತಿಗೆ ಅದನ್ನು ಹೋಗಿ ನೋಡಿರಿ.

೫. ಸತ್ಯವೇದದ ನಾಡಿನ ಮಾಗಿ

ನಮ್ಮ ಕರ್ತನು ಹುಟ್ಟಿ ಬೆಳೆದ ದೇಶದಲ್ಲಿ ಋತುಗಳ ಕ್ರಮವು ನಮ್ಮದರಂತಲ್ಲ. ಅಲ್ಲಿ ಬೇಸಿಗೆಯು ಒಣಗಿದ ಕಾಲ. ಮಳೆಯು ಬರುವದು ಚಳಿಗಾಲದಲ್ಲಿಯೇ. ಆದಕಾರಣ ಪರಮಗೀತದ ೨ನೆಯ ಅಧ್ಯಾಯದಲ್ಲಿ ಚಳಿಗಾಲ ಕಳೆದದ್ದೂ ಮಳೆ ನಿಂತದ್ದೂ ಒಟ್ಟಿಗೆ ಹೇಳಲ್ಪಟ್ಟಿವೆ. ಮೊದಲ ಮಳೆಯು ಬಿದ್ದ ಮೇಲೆ ಶಾರೋನಿನ ಬಯಲಿನಲ್ಲಿ ನಾರ್ಸಿಸಸ್ ಎಂಬ ಗಡ್ಡೆಯ ಗಿಡವು ಬಿಳೀ ಎಸಳುಗಳ ನಡುವೆ ಹಳದಿಯ ಬಟ್ಟಲುಳ್ಳ ಸುವಾಸನೆಯ ಹೂಗಳನ್ನು ಬಿಡುತ್ತದೆ. ಪರಮಗೀತದಲ್ಲಿ ಹೇಳಿದ ಶಾರೋನಿನ ಹೂವು ಇದೇ ಆಗಿರಬಹುದೆಂದು ಕೆಲವು ಪಂಡಿತರ ಅಭಿಪ್ರಾಯ.

ಮಾಗಿಯು ಇನ್ನೂ ತೀರದಿರುವಾಗ, ಬೇರೆ ಮರಗಳು ಬೋಳಾಗಿರುವಾಗ, ಬಾದಾಮಿಯ ಮರವು ಎಲೆಗಿಂತ ಮುಂಚೆ ಹೂವನ್ನು ಹೊದ್ದುಕೊಳ್ಳುತ್ತದೆ. ಇಬ್ರಿಯ ಭಾಷೆಯಲ್ಲಿ ಬಾದಾಮಿಗೆ ಶಾಕೇದ್ ಎಂದು ಹೆಸರು. ಎಚ್ಚರವಾಗಿರುವವನು ಎಂಬದಕ್ಕೆ ಶೋಕೇದ್ ಎನ್ನುತ್ತಾರೆ. ಪ್ರವಾದಿಯಾದ ಯೆರೆಮೀಯನು ಬಾದಾಮಿಯ ಕೊಂಬೆಯನ್ನು ಕಂಡಾಗ, ತಾನು ತನ್ನ ವಾಕ್ಯವನ್ನು ನೆರವೇರಿಸುವದಕ್ಕೆ ಎಚ್ಚರವಾಗಿದ್ದೇನೆಂದು ದೇವರು ಅವನಿಗೆ ತಿಳಿಸಿದ್ದು ಈ ಎರಡು ಮಾತುಗಳ ಹೋಲಿಕೆಯಿಂದಲೇ. ಬೇರೆಲ್ಲಾ ಮಲಗಿರುವಾಗ ಎಚ್ಚತ್ತ ಮರವು ಮಲಗದ ದೇವರಿಗೆ ಗುರುತಾಯಿತು. ಆರೋನನ ಕೋಲು ಚಿಗುರಿ ಹೂಬಿಟ್ಟು ಕೊಟ್ಟ ಫಲವೂ ಬಾದಾಮಿಯೇ (ಅರಣ್ಯಕಾಂಡ ೧೭:೮).

ಮತ್ತೊಂದು ಸಂಗತಿ. ಯೋಹಾನ ೧೦:೨೨, ೨೩ರಲ್ಲಿ ಯೇಸು ದೇವಾಲಯದ ಮಂಟಪದಲ್ಲಿ ತಿರುಗಾಡುತ್ತಿದ್ದನೆಂದು ಹೇಳುವಾಗ, ಅದು ಚಳಿಗಾಲವೆಂದು ಸುವಾರ್ತಿಕನು ಸೇರಿಸಿ ಬರೆದಿದ್ದಾನೆ. ಚಳಿಯಲ್ಲಿ ನಡುಗುವ ನಮ್ಮ ದೇಹದ ಸ್ಥಿತಿಯನ್ನು ಕರ್ತನು ಕೇಳಿ ತಿಳಿದವನಲ್ಲ, ಅನುಭವಿಸಿ ತಿಳಿದವನು.

೬. ಹೂವು ಮುಡಿಯಬಹುದೋ?

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಕ್ರಿಸ್ತಜಯಂತಿಯ ಹಬ್ಬವು ಸೇವಂತಿಗೆಯ ಕಾಲದಲ್ಲಿಯೇ ಬರುತ್ತದೆ. ಆಗ ನಮ್ಮ ಸಭೆಗಳಲ್ಲಿ ಎರಡು ಬಗೆಯ ಮಾತು ಕೇಳಬರುವದುಂಟು. ಕೆಲವರು, ಹೂವು ವಿಗ್ರಹಕ್ಕೆ ಏರಿಸತಕ್ಕದ್ದು, ಅದನ್ನು ಬಿಟ್ಟುಬಂದ ನಮಗೆ ಅದು ಸಲ್ಲದೆನ್ನುತ್ತಾರೆ. ಮತ್ತೆ ಕೆಲವರು, ಅದರಲ್ಲಿ ತಪ್ಪೇನು ಎನ್ನುತ್ತಾರೆ.

ಭೂಮಿಯೂ ಅದರಲ್ಲಿರುವ ಸಮಸ್ತವೂ ಕರ್ತನದೆಂದು ೨೪ನೆಯ ಕೀರ್ತನೆಯು ಸಾರುತ್ತದೆ. ಸಂತೆಯಲ್ಲಿ ಮಾರುವ ಮಾಂಸದ ವಿಷಯದಲ್ಲಿ ಪೌಲನು ಆ ಮಾತನ್ನೇ ಆಧಾರಮಾಡಿಕೊಂಡಿದ್ದಾನೆ (೧ ಕೊರಿಂಥ ೧೦:೨೫, ೨೬). ವಿಗ್ರಹವು ಹೂವನ್ನು ಉಂಟುಮಾಡಲಿಲ್ಲ. ಉಂಟುಮಾಡಿದವನ ಹೆಸರನ್ನು ಹೂವು ಮರೆತಿಲ್ಲ. ಸ್ತ್ರೀಯರ ಅಲಂಕಾರದ ವಿಷಯವಾಗಿ ಪೌಲನೂ ಪೇತ್ರನೂ ಎಚ್ಚರಿಸಿದ ಸ್ಥಳಗಳಲ್ಲಿ (೧ ತಿಮೊಥೆ ೨:೯, ೧೦, ೧ ಪೇತ್ರ ೩:೩, ೪) ಚಿನ್ನ, ಬೆಲೆಯುಳ್ಳ ವಸ್ತ್ರ, ಜಡೆಯ ಆಡಂಬರ ಇವು ಹೇಳಲ್ಪಟ್ಟಿವೆ, ಹೂವಿನ ಹೆಸರು ಇಲ್ಲ. ಆದರೂ ಹೊಸದಾಗಿ ಬಂದ ಸಹೋದರನಿಗೆ ಮಾಲೆಯನ್ನು ಕಂಡರೆ ಹಳೆಯ ಪೂಜೆಯ ನೆನಪಾಗಿ ಮನಸ್ಸು ನೋಯುವದಾದರೆ, ಅವನನ್ನು ಗೇಲಿಮಾಡದೆ ರೋಮಾಪುರದವರಿಗೆ ಬರೆದ ಪತ್ರಿಕೆಯ ೧೪ನೆಯ ಅಧ್ಯಾಯದಂತೆ ನಡೆದುಕೊಳ್ಳಬೇಕು. ಹೂವು ಮುಡಿದವಳು ಮುಡಿಯದವಳನ್ನು ಹೀನೈಸಬಾರದು; ಮುಡಿಯದವಳು ಮುಡಿದವಳಿಗೆ ತೀರ್ಪುಮಾಡಬಾರದು. ಹೂವಿನಿಂದ ದೇವರನ್ನು ಒಲಿಸಿಕೊಳ್ಳಬಹುದೆಂದು ಮಾತ್ರ ಯಾರೂ ಎಣಿಸಬಾರದು. ಆತನು ಲಂಚ ತೆಗೆದುಕೊಳ್ಳುವವನಲ್ಲ.

ಇಷ್ಟರಲ್ಲಿ ಪ್ರಶ್ನೆಯು ತೀರಿತೆಂದು ಹೇಳಬಹುದಾಗಿತ್ತು. ಆದರೆ ಇದರ ಹಿಂದೆ ಮತ್ತೊಂದು ಪ್ರಶ್ನೆಯು ಅಡಗಿಕೊಂಡಿದೆ, ಅದೇ ಭಾರವಾದದ್ದು. ಗಂಡನು ತೀರಿಹೋದ ದಿನದಲ್ಲಿ ಹೆಂಗಸಿನ ತಲೆಯಿಂದ ಹೂವನ್ನು ತೆಗೆಯುವ ಪದ್ಧತಿಯನ್ನು ನಾವೆಲ್ಲರೂ ಬಲ್ಲೆವು. ಆಮೇಲೆ ಅವಳು ಹೂವು ಮುಡಿಯುವಂತಿಲ್ಲ. ಮದುವೆಯ ಚಪ್ಪರದಲ್ಲಿ ಹೂವಿನ ತಟ್ಟೆಯನ್ನು ಮುಟ್ಟುವಂತಿಲ್ಲ. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬರುವಂತಿಲ್ಲ. ಈ ಪದ್ಧತಿಯು ಸತ್ಯವೇದದಿಂದ ಬಂದದ್ದಲ್ಲ. ಆದರೂ ವಿಗ್ರಹಗಳನ್ನು ಬಿಟ್ಟುಬಂದ ಮನೆಗಳಲ್ಲಿ ಇದು ಉಳಿದುಕೊಂಡಿರುವದನ್ನು ಕಾಣುತ್ತೇವೆ. ಹಬ್ಬಕ್ಕೆಂದು ದೇವಾಲಯವನ್ನು ಶೃಂಗರಿಸುವಾಗ ಹುಡುಗಿಯರೂ ಮುತ್ತೈದೆಯರೂ ಹೂವು ಕಟ್ಟುತ್ತಾರೆ. ವಿಧವೆಯಾದವಳು ನೆಲವನ್ನು ಸಾರಿಸಿ, ಗೋಡೆಯ ಬಳಿಯಲ್ಲಿ ನಿಂತು ನೋಡುತ್ತಾಳೆ. ಅವಳಿಗೆ ಯಾರೂ ಬೇಡವೆಂದು ಹೇಳಿರಲಿಕ್ಕಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ.

ಸಹೋದರರೇ, ಯೋಚಿಸಿರಿ. ಹೆಣ್ಣುಮಗುವಿಗೆ ಮೊದಲು ಹೂವು ಮುಡಿಸಿದವಳು ಅವಳ ತಾಯಿ. ಗಂಡನು ಬರುವದಕ್ಕಿಂತ ಎಷ್ಟೋ ವರ್ಷ ಮುಂಚೆ ಅವಳಿಗೆ ಹೂವು ಇತ್ತು. ಗಂಡನು ಕೊಡದಿದ್ದದ್ದನ್ನು ಗಂಡನ ಸಂಗಡ ತೆಗೆದುಕೊಂಡುಹೋಗುವದು ಯಾವ ನ್ಯಾಯ? ಅವಳ ದುಃಖವು ದೇವರ ಶಾಪವಲ್ಲ, ಅವಳ ಮುಖವು ಅಪಶಕುನವಲ್ಲ. ಮಗುವಾದ ಯೇಸುವನ್ನು ದೇವಾಲಯಕ್ಕೆ ತಂದಾಗ, ಯೆರೂಸಲೇಮಿನ ಬಿಡುಗಡೆಯನ್ನು ಎದುರುನೋಡುತ್ತಿದ್ದವರಿಗೆಲ್ಲಾ ಆತನ ವಿಷಯವನ್ನು ಹೇಳಿದವಳು ಯಾರು? ಅನ್ನಳೆಂಬ ಬಹು ವೃದ್ಧಳಾದ ವಿಧವೆ. ಅವಳು ಮದುವೆಯಾಗಿ ಏಳೇ ವರ್ಷ ಗಂಡನ ಸಂಗಡ ಬಾಳಿದವಳು. ಪರಲೋಕದ ದೇವರು ತನ್ನ ಮಗನ ಎದುರಿಗೆ ವಿಧವೆಯನ್ನು ಕರತಂದನು; ಆತನು ಅಶುಭವೆಂದು ಎಣಿಸದವಳನ್ನು ಅಶುಭವೆಂದು ಎಣಿಸುವದಕ್ಕೆ ನಾವು ಯಾರು? ನಾಯಿನೂರಿನ ವಿಧವೆಯನ್ನು ಕರ್ತನು ಕಂಡು ಕನಿಕರಪಟ್ಟನು. ಕಾಣಿಕೆಯ ಪೆಟ್ಟಿಗೆಯ ಬಳಿಯಲ್ಲಿ ವಿಧವೆಯನ್ನೇ ಎಲ್ಲರಿಗಿಂತ ಹೆಚ್ಚಾಗಿ ಕೊಟ್ಟವಳೆಂದು ಸಾಕ್ಷಿಕೊಟ್ಟನು. ವಿಧವೆಯರನ್ನು ಸನ್ಮಾನಿಸಬೇಕೆಂದು ಪೌಲನು ತಿಮೊಥೆಯನಿಗೆ ಆಜ್ಞಾಪಿಸಿದನು.

ಬೇಥಾನ್ಯದಲ್ಲಿ ಕರ್ತನ ಮೇಲೆ ಸುರಿದ ತೈಲವು ಜಟಾಮಾಂಸಿಯದು. ಆ ಗಿಡವು ಬೆಳೆಯುವದು ನಮ್ಮ ಹಿಮಾಲಯದ ಎತ್ತರವಾದ ಚಳಿಯ ಇಳಿಜಾರುಗಳಲ್ಲಿ. ಸುವಾಸನೆಯು ಅದರ ಬೇರಿನಲ್ಲಿದೆ. ಅದರ ಕ್ರಯವು ಮುನ್ನೂರು ದಿನಗಳ ಕೂಲಿಗೆ ಸಮನಾದದ್ದು. ಹತ್ತಿರದಲ್ಲಿ ಕೂತವರು ನಷ್ಟವೆಂದು ಗುಣುಗುಟ್ಟಿದಾಗ, ಆಕೆಯನ್ನು ಬಿಟ್ಟುಬಿಡಿರಿ ಎಂಬ ಅಭಿಪ್ರಾಯದಿಂದ ಕರ್ತನು ಅವರನ್ನು ತಡೆದನು (ಮಾರ್ಕ ೧೪:೩–೯). ಸುವಾಸನೆಯ ಕಾಣಿಕೆಯನ್ನು ತರುವ ಸ್ತ್ರೀಗೆ ಅಡ್ಡಬರುವವರಿಗೆ ಆ ಮಾತು ಇಂದಿಗೂ ಸಲ್ಲುತ್ತದೆ.

ಒಬ್ಬ ವಿಧವೆಯು ತನ್ನ ಇಷ್ಟದಿಂದ ಹೂವನ್ನು ಬಿಟ್ಟರೆ ಅವಳನ್ನು ಬಲಾತ್ಕರಿಸಬೇಡಿರಿ. ದುಃಖಕ್ಕೂ ತನ್ನದೇ ಕಾಲವುಂಟು. ಅವಳು ಮುಡಿಯಬೇಕೆಂದು ಬಯಸಿದರೆ ತಡೆಯಬೇಡಿರಿ, ಪಿಸುಗುಟ್ಟಬೇಡಿರಿ. ಸಭೆಯ ಹಿರಿಯರು ಇದನ್ನು ಪೀಠದಿಂದ ಹೇಳುವದಕ್ಕೆ ಹೆದರಬಾರದು. ಮೊದಲು ತಮ್ಮ ತಮ್ಮ ಮನೆಗಳಲ್ಲಿ ಅತ್ತೆಗೂ ಅತ್ತಿಗೆಗೂ ಸೊಸೆಗೂ ಹೇಳಲಿ.

೭. ದೇವಾಲಯದ ಅಂಗಳದಲ್ಲಿ ಒಂದು ಪಾತಿ

ಪಾಠವು ಮಾತಿನಲ್ಲಿಯೇ ತೀರಬಾರದು. ದೇವಾಲಯದ ಬಳಿಯಲ್ಲಿ ನಾಲ್ಕು ಮೊಳ ಅಗಲ, ಎಂಟು ಮೊಳ ಉದ್ದವಾದ ಪಾತಿಯನ್ನು ಮಾಡುವದಕ್ಕೆ ಹಣವು ಬೇಕಾಗಿಲ್ಲ. ಹೂ ಮುಗಿದ ಮೇಲೆ ಸೇವಂತಿಗೆಯ ಗಿಡವನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟರೆ ಬುಡದಲ್ಲಿ ಮರಿಗಳು ಏಳುವವು. ಮುಂಗಾರು ಮಳೆಯಲ್ಲಿ ಅವುಗಳನ್ನು ಬೇರುಸಮೇತ ಬಿಡಿಸಿ ಅಡಿಗೊಂದರಂತೆ ನೆಡಿರಿ. ನೀರು ನಿಲ್ಲುವ ನೆಲವು ಆಗದು. ಹಳೆಯ ಕೊಟ್ಟಿಗೆಗೊಬ್ಬರವನ್ನು ಬೆರಸಿ ಪಾತಿಯನ್ನು ಎತ್ತರಿಸಿರಿ. ಒಂದು ತಿಂಗಳಾದ ಮೇಲೆ ಕುಡಿಯನ್ನು ಚಿವುಟಬೇಕು. ಆಗ ಒಂದು ಕಾಂಡಕ್ಕೆ ಬದಲಾಗಿ ಅನೇಕ ಕವಲುಗಳು ಒಡೆದು ಹೂವು ಹೆಚ್ಚುವದು. ಎಳೆಯ ಕುಡಿಗಳಿಗೆ ಕಪ್ಪು ಹೇನು ಹತ್ತಿದರೆ ತೆಳುವಾದ ಸಾಬೂನಿನ ನೀರನ್ನು ಚಿಮುಕಿಸಿರಿ. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿರಿ. ರಾತ್ರಿಯೆಲ್ಲಾ ಉರಿಯುವ ಬೀದಿಯ ದೀಪದ ಕೆಳಗೆ ಪಾತಿಯನ್ನು ಮಾಡಬೇಡಿರಿ; ಕಾರಣವನ್ನು ಮೇಲೆ ಓದಿದ್ದೀರಿ.

ಇಂಥ ಕೆಲಸವು ಸುವಾರ್ತೆಯ ಸೇವಕರಿಗೆ ಅಲ್ಪವೆಂದು ಎಣಿಸಬಾರದು. ೧೭೯೩ರಲ್ಲಿ ಬಂಗಾಳಕ್ಕೆ ಬಂದ ಡಾಕ್ಟರ್ ವಿಲಿಯಮ್ ಕೇರಿಯವರು ಅನೇಕ ಭಾಷೆಗಳಲ್ಲಿ ಸತ್ಯವೇದದ ಭಾಷಾಂತರವನ್ನು ನಡಿಸಿದವರು. ಅವರೇ ಶ್ರೀರಾಮಪುರದಲ್ಲಿ ದೊಡ್ಡ ತೋಟವನ್ನು ಮಾಡಿ, ೧೮೨೦ರಲ್ಲಿ ಬೇಸಾಯಕ್ಕೂ ತೋಟಗಾರಿಕೆಗೂ ಒಂದು ಸಂಘವನ್ನು ಸ್ಥಾಪಿಸಿದರು. ಒಮ್ಮೆ ಇಂಗ್ಲೆಂಡಿನಿಂದ ಬಂದ ಬೀಜಗಳ ಚೀಲವನ್ನು ಬರಿದುಮಾಡಿ, ಅದರಲ್ಲಿ ಉಳಿದ ಧೂಳನ್ನು ನೆರಳಿನ ನೆಲದಲ್ಲಿ ಝಾಡಿಸಿದರು. ಕೆಲವು ದಿನಗಳ ಮೇಲೆ ಅಲ್ಲಿ ಅವರ ಹುಟ್ಟೂರಿನ ಡೇಸಿಯೆಂಬ ಚಿಕ್ಕ ಹೂವಿನ ಗಿಡವು ಮೊಳೆಯಿತು. ಆ ಗಿಡವು ಇಲ್ಲಿನ ಮಳೆಗಾಲವನ್ನು ತಾಳಲಾರದು. ಅವರು ವರ್ಷವರ್ಷವೂ ಬೀಜವನ್ನು ಕಾದಿಟ್ಟು ಬಿತ್ತಿ ಅದನ್ನು ಉಳಿಸಿಕೊಂಡರು. ಬಡ ಚಮ್ಮಾರನಾಗಿದ್ದು ದೇವರ ಸೇವಕನಾದ ಆ ಮನುಷ್ಯನು ೧೮೩೪ರಲ್ಲಿ ತೀರಿಹೋಗುವ ತನಕ ಪುಸ್ತಕವನ್ನೂ ಗುದ್ದಲಿಯನ್ನೂ ಬೇರೆಬೇರೆಯೆಂದು ಎಣಿಸಲಿಲ್ಲ.

ಪಾತಿಯಲ್ಲಿ ಹೂವು ಹೆಚ್ಚಾದರೆ ಸಂತೆಗೆ ಒಯ್ದು ಮಾರಿ, ಬಂದ ಹಣವನ್ನು ಬಡ ವಿಧವೆಯರ ಸಹಾಯಕ್ಕೆ ಇಡಬಹುದು. ಆದರೆ ಒಂದು ಎಚ್ಚರಿಕೆ. ಹೂವಿನ ಮೊಳವನ್ನು ಮಾರುವವನು ತನ್ನ ಕೈಯಿಂದಲೇ ಅಳೆಯುತ್ತಾನೆ. ಹೂವು ತುಟ್ಟಿಯಾದ ಕಾಲದಲ್ಲಿ ಮೊಣಕೈಯನ್ನು ಸ್ವಲ್ಪ ಮಡಿಸುವದು ಬಹು ಸುಲಭ. ಜ್ಞಾನೋಕ್ತಿ ೧೧:೧ನ್ನು ನೆನಪಿನಲ್ಲಿಡಿರಿ. ಮೋಸದ ಮೊಳದಿಂದ ಮಾರಿದ ಹೂವಿಗೆ ಎಷ್ಟು ಪರಿಮಳವಿದ್ದರೂ ಅದು ದೇವರ ಮುಂದೆ ನಾರುವದು.

ಯೋಚಿಸಿ ಉತ್ತರಕೊಡತಕ್ಕ ಪ್ರಶ್ನೆಗಳು

೧. ಸೇವಂತಿಗೆಯು ಮೊಗ್ಗು ಕಟ್ಟುವದಕ್ಕೆ ಯಾವದು ಬೇಕು? ಹಗಲಿನ ಬಿಸಿಲಿಲ್ಲದೆ ಅದು ಸಾಕಾಗುವದೋ?
೨. ಆಕಾಶಮಲ್ಲಿಗೆಯು ಬಿಳುಪಾಗಿದ್ದು ರಾತ್ರಿಯಲ್ಲಿ ಅರಳುವದು ಯಾಕೆ? ಮತ್ತಾಯ ೬:೧–೪ರ ಸಂಗಡ ಹೋಲಿಸಿರಿ.
೩. ಫಲ ಕೊಡುವ ಕೊಂಬೆಯನ್ನು ತೋಟಗಾರನು ಸವರುವದು ಯಾಕೆ? ನಿಮ್ಮ ಜೀವಮಾನದಲ್ಲಿ ಸವರಲ್ಪಟ್ಟ ಕೊಂಬೆ ಯಾವದು?
೪. ಯೆರೆಮೀಯನಿಗೆ ಬಾದಾಮಿಯ ಕೊಂಬೆಯನ್ನು ತೋರಿಸಿದ್ದು ಯಾವ ಅರ್ಥದಿಂದ?
೫. ನಿಮ್ಮ ಸಭೆಯಲ್ಲಿ ಹಬ್ಬದ ಹೂವನ್ನು ಕಟ್ಟುವದಕ್ಕೆ ಕರೆಯಲ್ಪಡದೆ ಗೋಡೆಯ ಬಳಿಯಲ್ಲಿ ನಿಂತವರು ಯಾರಾದರೂ ಉಂಟೋ? ಅವರನ್ನು ಕರೆಯತಕ್ಕವರು ಯಾರು?

ಹುಲ್ಲು ಒಣಗುವದು, ಹೂವು ಬಾಡುವದು, ದೇವರ ವಾಕ್ಯವು ಮಾತ್ರ ನಿಲ್ಲುವದೆಂದು ಯೆಶಾಯನು ಸಾರಿದ್ದು ನಮಗೆಲ್ಲರಿಗೂ ತಿಳಿದಿದೆ. ಈ ವರ್ಷದ ಸೇವಂತಿಗೆಯೂ ಸಂಕ್ರಾಂತಿಯು ಕಳೆದು ಕೆಲವು ವಾರಗಳಲ್ಲಿ ಬಾಡುವದು. ಅದು ಬಾಡುವದಕ್ಕಿಂತ ಮುಂಚೆ ಐದನೆಯ ಪ್ರಶ್ನೆಗೆ ಉತ್ತರವನ್ನು ಬಾಯಿಂದಲ್ಲ, ಕೈಯಿಂದ ಕೊಡಿರಿ. ಹೂವಿನ ಬುಟ್ಟಿಯನ್ನು ತೆಗೆದುಕೊಂಡುಹೋಗಿ ಅವಳ ಮಡಿಲಲ್ಲಿ ಇಟ್ಟು, ಅಕ್ಕಾ, ಈ ಸಾರಿ ಮಾಲೆಯನ್ನು ನೀನು ಕಟ್ಟು ಎಂದು ಹೇಳಿರಿ. ಕರ್ತನು ತಾನೇ ನಮ್ಮ ಸಭೆಗಳನ್ನು ತನ್ನ ಪರಿಮಳದಿಂದ ತುಂಬಿಸಲಿ. ಆಮೆನ್.